ಸಲೈನ್ ಹನಿಗೂ ಲೆಕ್ಕವಿದೆ: ಒಂದೇ ಬಾಟಲಿ, ಒಬ್ಬರಿಗೆ 42 ಹನಿ, ಇನ್ನೊಬ್ಬರಿಗೆ 167 ಏಕೆ?

ಮುಧೋಳದಂಥ ತಾಲ್ಲೂಕು ಊರಿನ ಆಸ್ಪತ್ರೆಯ ವಾರ್ಡಿನಲ್ಲಿ ಸಂಜೆ ಐದರ ಹೊತ್ತಿಗೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸಿಸ್ಟರ್, ಸಲಾಯಿನ್ ಸ್ವಲ್ಪ ಜೋರ್ ಬಿಡ್ರೀ. ಆರೂವರೆಕ್ಕ ನಮ್ಮೂರ ಕಡೀ ಬಸ್ ಐತಿ." ಸಿಸ್ಟರ್ "ಹಂಗ ಬಿಡಾಕ ಬರೂದಿಲ್ರಿ, ಟೈಮಿಗೆ ಮುಗೀತೈತಿ" ಎಂದು ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಅವರು ಆಚೆ ಹೋದದ್ದೇ ತಡ, ರೋಗಿಯ ಕಡೆಯವರಲ್ಲಿ ಯಾರೋ ಒಬ್ಬರು ಪೈಪಿನ ಮೇಲಿನ ಸಣ್ಣ ಗಾಲಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿಬಿಡುತ್ತಾರೆ. ತೊಟ್ಟಿಕ್ಕುತ್ತಿದ್ದ ಹನಿ ಧಾರೆಯಾಗುತ್ತದೆ.

ಇನ್ನೊಂದು ದೂರೂ ಇದೆ. "ಬಾಜೂ ಮಂದಿಗೆ ಜೋರ್ ಬಿಟ್ಟೀರಿ, ನಮಗ್ಯಾಕ ಇಷ್ಟು ಸಾವಕಾಶ?" ಕೇಳುವವರಿಗೆ ಇದು ತಾರತಮ್ಯದಂತೆ ಕಾಣುತ್ತದೆ. ಎರಡೂ ಹಾಸಿಗೆಯ ಪಕ್ಕ ತೂಗುವುದು ಒಂದೇ ಬಗೆಯ ಅರ್ಧ ಲೀಟರ್ ಬಾಟಲಿ, ಒಳಗಿರುವುದು ಒಂದೇ ಬಣ್ಣವಿಲ್ಲದ ನೀರು. ಹಾಗಾದರೆ ವೇಗ ಏಕೆ ಬೇರೆ?

ಉತ್ತರ ಸರಳ. ಸಲೈನ್ ವಿಷಯದಲ್ಲಿ ಏನು ಕೊಡಬೇಕು, ಎಷ್ಟು ಕೊಡಬೇಕು ಎಂಬುದರ ಜೊತೆಗೆ ಎಷ್ಟು ಹೊತ್ತಿನಲ್ಲಿ ಕೊಡಬೇಕು ಎಂಬುದೂ ಔಷಧದ ಪ್ರಮಾಣದ ಭಾಗ. ಮಾತ್ರೆಯನ್ನು ದಿನಕ್ಕೆ ಎರಡು ಎಂದು ಬರೆದಿದ್ದರೆ ನಾವು ಹತ್ತನ್ನು ಒಟ್ಟಿಗೆ ನುಂಗುವುದಿಲ್ಲ. ಬಾಟಲಿಯ ಗಾಲಿ ತಿರುಗಿಸುವುದೂ ಹೆಚ್ಚುಕಡಿಮೆ ಅದೇ ಕೆಲಸ.

ಹೊಲದ ಡ್ರಿಪ್, ಆಸ್ಪತ್ರೆಯ ಡ್ರಿಪ್

ಘಟಪ್ರಭೆಯ ನೀರಿನಲ್ಲಿ ಕಬ್ಬು ಬೆಳೆಯುವ ಈ ಭಾಗದ ರೈತರಿಗೆ ಡ್ರಿಪ್ ಹೊಸದಲ್ಲ. ಹೊಲದ ಪೈಪಿನಲ್ಲಿರುವ ಡ್ರಿಪ್ಪರ್ ಗಂಟೆಗೆ 2 ಲೀಟರಿನದೋ 4 ಲೀಟರಿನದೋ ಎಂದು ಕೊಳ್ಳುವಾಗಲೇ ಗೊತ್ತಿರುತ್ತದೆ. ಬೆಳೆಗೆ ಎಷ್ಟು ನೀರು ಬೇಕು ಎಂದು ಗೊತ್ತಿದ್ದರೆ ಮೋಟಾರು ಎಷ್ಟು ಹೊತ್ತು ಓಡಬೇಕು ಎಂದು ಲೆಕ್ಕ ಹಾಕಬಹುದು. ಡ್ರಿಪ್ಪರ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಆಸ್ಪತ್ರೆಯ ಡ್ರಿಪ್ ಕೂಡ ಇದೇ ತತ್ವದ ಮೇಲೆ ನಡೆಯುತ್ತದೆ. ಬಾಟಲಿಯ ಕೆಳಗೆ ಪಾರದರ್ಶಕವಾದ ಒಂದು ಸಣ್ಣ ಕೊಳವೆ ಇರುತ್ತದೆ, ಅದು ಡ್ರಿಪ್ ಚೇಂಬರ್. ಹನಿ ಬೀಳುವುದು ಕಾಣುವುದು ಅಲ್ಲಿಯೇ. ಹನಿಯ ಗಾತ್ರವನ್ನು ತೀರ್ಮಾನಿಸುವುದು ಈ ಚೇಂಬರಿನ ಮೇಲ್ಭಾಗದ ತೂತು. ಸಾಮಾನ್ಯವಾಗಿ ನಮ್ಮಲ್ಲಿ ದೊಡ್ಡವರಿಗೆ ಬಳಸುವ ಐವಿ ಸೆಟ್‌ನಲ್ಲಿ ಸುಮಾರು 20 ಹನಿ ಸೇರಿದರೆ 1 ಮಿಲಿ ಆಗುತ್ತದೆ. ಮಕ್ಕಳಿಗೆ, ಹಾಗೂ ಬಹಳ ನಿಧಾನವಾಗಿ ಕೊಡಬೇಕಾದ ಔಷಧಗಳಿಗೆ ಬಳಸುವ ಮೈಕ್ರೋ ಡ್ರಿಪ್ ಸೆಟ್‌ನಲ್ಲಿ 60 ಹನಿಗೆ 1 ಮಿಲಿ. 15 ಹನಿಗೆ 1 ಮಿಲಿ ಬೀಳಿಸುವ ಸೆಟ್‌ಗಳೂ ಇವೆ. ಯಾವುದು ಎಂಬುದು ಸೆಟ್‌ನ ಪ್ಯಾಕೆಟ್ ಮೇಲೆಯೇ ಅಚ್ಚಾಗಿರುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಡ್ರಾಪ್ ಫ್ಯಾಕ್ಟರ್ ಎಂದು ಕಲಿಯುತ್ತಾರೆ.

ಲೆಕ್ಕ ಹಾಕುವುದು ಹೇಗೆ?

ಡಾಕ್ಟರ್ ಕೇಸ್ ಪೇಪರಿನಲ್ಲಿ ಬರೆಯುವುದು ಹೀಗೆ: "ಎನ್‌ಎಸ್ 500 ಮಿಲಿ, 4 ಗಂಟೆಯಲ್ಲಿ". ಆದರೆ ಗಾಲಿಗೆ ಮಿಲಿಯೂ ಗೊತ್ತಿಲ್ಲ, ಗಂಟೆಯೂ ಗೊತ್ತಿಲ್ಲ. ಸಿಸ್ಟರ್ ಕಣ್ಣಿಗೆ ಕಾಣುವುದು ಹನಿ, ಕೈಯಲ್ಲಿರುವುದು ಗಡಿಯಾರ. ಆದ್ದರಿಂದ ಡಾಕ್ಟರ ಆದೇಶವನ್ನು ನಿಮಿಷಕ್ಕೆ ಇಷ್ಟು ಹನಿ ಎಂದು ಬದಲಿಸಿಕೊಳ್ಳಬೇಕು. ಸೂತ್ರ ಇಷ್ಟೇ:

ನಿಮಿಷಕ್ಕೆ ಹನಿ = (ಕೊಡಬೇಕಾದ ಮಿಲಿ × ಸೆಟ್‌ನ ಹನಿ ಸಂಖ್ಯೆ) ÷ ಒಟ್ಟು ನಿಮಿಷ

4 ಗಂಟೆ ಎಂದರೆ 240 ನಿಮಿಷ. 20 ಹನಿಯ ಸೆಟ್ ಇದ್ದರೆ 500 × 20 = 10,000 ಹನಿ. ಅದನ್ನು 240ರಿಂದ ಭಾಗಿಸಿದರೆ 41.67. ಮುಕ್ಕಾಲು ಹನಿಯನ್ನು ಬೀಳಿಸಲಾಗುವುದಿಲ್ಲವಾದ್ದರಿಂದ ನಿಮಿಷಕ್ಕೆ 42 ಹನಿ.

ಅನುಭವಿ ನರ್ಸ್‌ಗಳು ಇಷ್ಟು ಉದ್ದಕ್ಕೆ ಹೋಗುವುದಿಲ್ಲ. ಮೊದಲು ಗಂಟೆಗೆ ಎಷ್ಟು ಮಿಲಿ ಎಂದು ನೋಡುತ್ತಾರೆ. 20 ಹನಿಯ ಸೆಟ್ ಆದರೆ ಅದನ್ನು 3ರಿಂದ ಭಾಗಿಸುತ್ತಾರೆ, 15 ಹನಿಯದಾದರೆ 4ರಿಂದ. 60 ಹನಿಯ ಸೆಟ್ ಆದರೆ ಭಾಗಿಸುವುದೇ ಬೇಡ, ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ. ಮೇಲಿನ ಉದಾಹರಣೆಯಲ್ಲಿ ಗಂಟೆಗೆ 125 ಮಿಲಿ. 3ರಿಂದ ಭಾಗಿಸಿದರೆ ಮತ್ತೆ 42ರ ಹತ್ತಿರ. ಇದರಲ್ಲಿ ಮಾಯೆ ಏನೂ ಇಲ್ಲ: ಗಂಟೆಗೆ 60 ನಿಮಿಷ, 60ನ್ನು 20ರಿಂದ ಭಾಗಿಸಿದರೆ 3.

ಲೆಕ್ಕ ಮುಗಿದ ಮೇಲೆ ಗಡಿಯಾರ ನೋಡುತ್ತ ಗಾಲಿಯನ್ನು ಹೊಂದಿಸಬೇಕು. ಪೂರ್ತಿ ಒಂದು ನಿಮಿಷ ಎಣಿಸುವುದು ಉತ್ತಮ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸುವಾಗ ಒಂದು ಹನಿ ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ಹನಿ ತಪ್ಪುತ್ತದೆ.

ಪಕ್ಕದ ಹಾಸಿಗೆಗೆ 167 ಹನಿ ಏಕೆ?

ಈಗ ಆ ದೂರಿಗೆ ಬರೋಣ. ಪಕ್ಕದ ಹಾಸಿಗೆಯಲ್ಲಿರುವುದು ಕಬ್ಬು ಕಡಿಯಲು ಹೋಗಿದ್ದಾಗ ರವದಿಯೊಳಗಿದ್ದ ಹಾವು ಕಚ್ಚಿದ ಕೂಲಿಕಾರ ಎಂದುಕೊಳ್ಳಿ. ಕಬ್ಬಿನ ನಾಡಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸಾಯುತ್ತಾರೆ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಆದೇಶಿಸಿತು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಒಂದೇ ಪ್ರತಿವಿಷ ಇದೆ. ವಿಷದ ಲಕ್ಷಣ ಕಂಡವರಿಗೆ ಸಾಮಾನ್ಯವಾಗಿ ಮೊದಲಿಗೆ 8ರಿಂದ 10 ವಯಲ್ ಕೊಡುತ್ತಾರೆ. ಒಂದೊಂದು ವಯಲ್ 10 ಮಿಲಿ. ಅದನ್ನು ಸಲೈನ್‌ಗೆ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಒಳಗೆ ಹೋಗುವಂತೆ ಹಚ್ಚುತ್ತಾರೆ. ಎಲ್ಲ ಸೇರಿ 500 ಮಿಲಿ ಆಯಿತು ಎನ್ನೋಣ. 500 × 20 ÷ 60 = 166.67, ಅಂದರೆ ನಿಮಿಷಕ್ಕೆ 167 ಹನಿ. ಸೆಕೆಂಡಿಗೆ ಹತ್ತಿರಹತ್ತಿರ ಮೂರು.

ಇಲ್ಲಿ ನಿಧಾನ ಮಾಡಿದರೆ ನಷ್ಟ. ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಪ್ರತಿವಿಷ ಬೇಗ ಹಿಡಿಯಬೇಕು. ಹಾಗೆಂದು ಗಾಲಿಯನ್ನು ಪೂರ್ತಿ ತೆರೆದು ಹತ್ತು ನಿಮಿಷದಲ್ಲಿ ಮುಗಿಸಲೂ ಬಾರದು. ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ಕೆಲವರ ದೇಹ ಅದಕ್ಕೆ ತೀವ್ರವಾಗಿ ಪ್ರತಿಕ್ರಿಯಿಸುತ್ತದೆ: ಮೈ ತುರಿಕೆ, ದದ್ದು, ಚಳಿ, ವಾಂತಿ, ಉಸಿರಾಟದ ತೊಂದರೆ. ಇವುಗಳಲ್ಲಿ ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ ಅಡ್ರಿನಾಲಿನ್ ಚುಚ್ಚುಮದ್ದು ಕೊಡಬೇಕಾಗುತ್ತದೆ. ಹನಿಯ ವೇಗ ಗೊತ್ತಿದ್ದರೆ ಅಷ್ಟು ಹೊತ್ತಿಗೆ ಎಷ್ಟು ಔಷಧ ಒಳಗೆ ಹೋಗಿದೆ ಎಂಬುದೂ ಡಾಕ್ಟರಿಗೆ ಗೊತ್ತಾಗುತ್ತದೆ. ಯಾರೋ ನಡುವೆ ಗಾಲಿ ತಿರುಗಿಸಿದ್ದರೆ ಆ ಲೆಕ್ಕವೇ ಕೆಡುತ್ತದೆ.

ಈ ಕಡೆಯ ಹಾಸಿಗೆಯಲ್ಲಿ ಹೃದಯದ ತೊಂದರೆ ಇರುವ ಎಪ್ಪತ್ತು ವರ್ಷದ ಅಜ್ಜ ಇದ್ದಾರೆ ಎನ್ನೋಣ. ಅವರಿಗೆ ಅದೇ 500 ಮಿಲಿಯನ್ನು 10 ಗಂಟೆಯಲ್ಲಿ ಕೊಡಿ ಎಂದು ಡಾಕ್ಟರ್ ಬರೆದಿರಬಹುದು. ಗಂಟೆಗೆ 50 ಮಿಲಿ, ನಿಮಿಷಕ್ಕೆ 17 ಹನಿ. ಮೊಮ್ಮಗ ಬೇಸರಪಟ್ಟು ಗಾಲಿ ತೆರೆದರೆ ಅರ್ಧ ಲೀಟರ್ ಅರ್ಧ ಗಂಟೆಯಲ್ಲಿ ಇಳಿದುಹೋಗಬಹುದು. ದುರ್ಬಲವಾದ ಹೃದಯ ಅಷ್ಟು ನೀರನ್ನು ಒಮ್ಮೆಗೇ ಮುಂದಕ್ಕೆ ತಳ್ಳಲಾರದು. ಹಿಂದೆ ನಿಂತ ಒತ್ತಡಕ್ಕೆ ನೀರು ಶ್ವಾಸಕೋಶದೊಳಗೆ ಸೋರುತ್ತದೆ. ಬಸ್ಸಿಗೆ ಹೋಗಬೇಕಾದವರು ಆಕ್ಸಿಜನ್ ಹಾಕಿಸಿಕೊಳ್ಳಬೇಕಾಗುತ್ತದೆ. ಕಿಡ್ನಿ ತೊಂದರೆ ಇರುವವರಿಗೂ ಇದೇ ಅಪಾಯ.

ನೀರಿನಂತೆ ಕಾಣುವುದೆಲ್ಲ ನೀರಲ್ಲ

ಬಾಟಲಿಗೆ ಏನು ಬೆರೆಸಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ವಾಂತಿಭೇದಿಯಲ್ಲಿ ದೇಹದ ಪೊಟ್ಯಾಸಿಯಂ ಬಹಳ ಕಳೆದುಹೋದಾಗ ಅದನ್ನು ಸಲೈನ್‌ನಲ್ಲಿ ಬೆರೆಸಿ ಕೊಡುವುದುಂಟು. 10 ಮಿಲಿಯ ಒಂದು ಆಂಪೂಲ್‌ನಲ್ಲಿ ಸಾಮಾನ್ಯವಾಗಿ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇರುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮೀರಬಾರದು ಎಂಬುದು ರೂಢಿಯ ಮಿತಿ. ಅಂದರೆ ಆ ಬಾಟಲಿ ಕಡಿಮೆ ಎಂದರೂ 2 ಗಂಟೆ ಹೋಗಬೇಕು. ಅರ್ಧ ಗಂಟೆಯಲ್ಲಿ ಹೋದರೆ ವೇಗ ಮಿತಿಯ ನಾಲ್ಕು ಪಟ್ಟು. ಪೊಟ್ಯಾಸಿಯಂ ಒಮ್ಮೆಗೇ ಏರಿದರೆ ಹೃದಯದ ಬಡಿತ ಏರುಪೇರಾಗಿ ನಿಂತೇಹೋಗಬಹುದು. ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದು ಅಂಟಿಸಿದ ಚೀಟಿ ಇದ್ದರೆ ಅದು ಈ ಕಾರಣಕ್ಕೆ.

ಹೆರಿಗೆ ವಾರ್ಡಿನ ಡ್ರಿಪ್ ಕೂಡ ಹೀಗೆಯೇ. ಹೆರಿಗೆ ನೋವು ಹೆಚ್ಚಿಸಲು ಆಕ್ಸಿಟೋಸಿನ್ ಬೆರೆಸಿದ ಬಾಟಲಿಯನ್ನು ನಿಮಿಷಕ್ಕೆ ಹತ್ತು ಹನಿಯಷ್ಟು ನಿಧಾನವಾಗಿ ಶುರುಮಾಡುತ್ತಾರೆ, ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂದು ನೋಡುತ್ತ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾರೆ. "ಲಗೂನ ಹಡೀಲಿ" ಎಂದು ಮನೆಯವರು ಗಾಲಿ ತೆರೆದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡಿಕೊಳ್ಳುತ್ತದೆ. ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು, ಗರ್ಭಕೋಶ ಹರಿಯಲೂಬಹುದು.

ಸೆಟ್ ಬದಲಾದರೆ ಲೆಕ್ಕವೂ ಬದಲು

ಗಾಲಿ ಮುಟ್ಟದಿದ್ದರೂ ತಪ್ಪು ಆಗುವ ಜಾಗ ಇನ್ನೊಂದಿದೆ. 10 ಕಿಲೋ ತೂಕದ ಮಗುವಿಗೆ ದಿನಕ್ಕೆ ಬೇಕಾಗುವ ದ್ರವ ಸುಮಾರು 1000 ಮಿಲಿ. ಇದನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 42 ಮಿಲಿ. ಮೈಕ್ರೋ ಸೆಟ್‌ನಲ್ಲಿ ನಿಮಿಷಕ್ಕೆ 42 ಹನಿ.

ಮೇಲೆ ದೊಡ್ಡವರ ಲೆಕ್ಕದಲ್ಲೂ 42 ಹನಿಯೇ ಬಂದಿತ್ತು. ಸಂಖ್ಯೆ ಒಂದೇ, ಹನಿ ಬೇರೆ. ಮಗುವಿಗೆ ತಪ್ಪಿ ದೊಡ್ಡವರ ಸೆಟ್ ಹಾಕಿ ಅದೇ 42 ಹನಿ ಎಣಿಸಿದರೆ ಗಂಟೆಗೆ 126 ಮಿಲಿ ಹೋಗುತ್ತದೆ. ಇಡೀ ದಿನದ ದ್ರವ 8 ಗಂಟೆಯಲ್ಲಿ ಮುಗಿದಿರುತ್ತದೆ. ಅದಕ್ಕೇ "ನಿಮಿಷಕ್ಕೆ 42" ಎಂದಷ್ಟೇ ಹೇಳಿದರೆ ಸಾಲದು, ಯಾವ ಸೆಟ್‌ನ 42 ಎಂದೂ ಹೇಳಬೇಕು. ಶಿಫ್ಟ್ ಬದಲಾಗುವಾಗ, ಸೆಟ್ ಬದಲಿಸುವಾಗ ನರ್ಸ್‌ಗಳು ಮತ್ತೆ ಲೆಕ್ಕ ನೋಡುವುದು ಇದಕ್ಕಾಗಿ. ಪುಟ್ಟ ಮಕ್ಕಳಿಗೆ ನಡುವೆ ಅಳತೆಯ ಗೆರೆಗಳಿರುವ ಬ್ಯುರೆಟ್ ಸೆಟ್ ಹಾಕುತ್ತಾರೆ. ಅದರಲ್ಲಿ ಒಂದೆರಡು ಗಂಟೆಗೆ ಬೇಕಾದಷ್ಟೇ ದ್ರವ ತುಂಬಿರುವುದರಿಂದ ಗಾಲಿ ಸಡಿಲವಾದರೂ ಪೂರ್ತಿ ಬಾಟಲಿ ಒಳಗೆ ಹೋಗುವುದಿಲ್ಲ.

ಒಮ್ಮೆ ಹೊಂದಿಸಿದರೆ ಮುಗಿಯಿತೇ?

ಇಲ್ಲ. ಬಾಟಲಿಯಿಂದ ದ್ರವ ಇಳಿಯುವುದು ಬರೀ ಎತ್ತರದ ಬಲದಿಂದ. ರೋಗಿಗಿಂತ ಒಂದು ಮೀಟರ್ ಮೇಲೆ ಬಾಟಲಿ ಇದ್ದರೆ ಸುಮಾರು 74 ಮಿಲಿಮೀಟರ್ ಪಾದರಸದಷ್ಟು ಒತ್ತಡ ಸಿಗುತ್ತದೆ. ಅದು ರಕ್ತನಾಳದೊಳಗಿನ ಒತ್ತಡವನ್ನು ಮೀರಿ ದ್ರವವನ್ನು ಒಳಗೆ ಕಳಿಸುತ್ತದೆ. ರೋಗಿ ಎದ್ದು ಕುಳಿತರೆ, ಕೈ ಮಡಚಿದರೆ, ಬಾಟಲಿ ಖಾಲಿಯಾಗುತ್ತ ಬಂದರೆ ವೇಗ ಬದಲಾಗುತ್ತದೆ. ಹಾಗಾಗಿ ಸಿಸ್ಟರ್ ಆಗಾಗ ಬಂದು ಹನಿ ಎಣಿಸುತ್ತಾರೆ. ಐಸಿಯುಗಳಲ್ಲಿ ಈ ಕೆಲಸವನ್ನು ಇನ್‌ಫ್ಯೂಷನ್ ಪಂಪ್ ಮಾಡುತ್ತದೆ. ಆದರೆ ಗಂಟೆಗೆ ಎಷ್ಟು ಮಿಲಿ ಎಂದು ಅದಕ್ಕೆ ಒತ್ತಿ ಹೇಳುವುದು ಮನುಷ್ಯರೇ.

ಸಲೈನ್ ಚಿಕಿತ್ಸೆಯ ಮೊದಲ ಪುಟದಲ್ಲೇ ಈ ಪಾಠ ಇದೆ. 1832ರಲ್ಲಿ ಕಾಲರಾ ಹಬ್ಬಿದ್ದಾಗ ಸ್ಕಾಟ್ಲೆಂಡಿನ ಲೀತ್ ಎಂಬ ಊರಿನ ವೈದ್ಯ ಥಾಮಸ್ ಲಟ್ಟಾ ಸಾಯುವ ಸ್ಥಿತಿಯಲ್ಲಿದ್ದ ವೃದ್ಧೆಯೊಬ್ಬರ ರಕ್ತನಾಳಕ್ಕೆ ಉಪ್ಪು ನೀರು ಹರಿಸಿದರು. ಅರ್ಧ ಗಂಟೆಯಲ್ಲಿ ಆರು ಪಿಂಟ್, ಅಂದರೆ ಸುಮಾರು ಮೂರು ಲೀಟರ್. ಕಣ್ಣಿಗೆ ಕಳೆ ಬಂತು, ನಾಡಿ ಮರಳಿತು. ಗಂಡಾಂತರ ಕಳೆಯಿತೆಂದು ಲಟ್ಟಾ ಹೊರಟರು. ಆದರೆ ವಾಂತಿಭೇದಿ ನಿಂತಿರಲಿಲ್ಲ. ಹೋದಷ್ಟನ್ನು ಮತ್ತೆ ತುಂಬುವವರಿಲ್ಲದೆ ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡರು. ಬಾಟಲಿ ಏರಿಸುವುದು ಒಂದು ಸಲದ ಕೆಲಸ, ನೋಡಿಕೊಳ್ಳುವುದು ಗಂಟೆಗಟ್ಟಲೆಯ ಕೆಲಸ.

ಕೆಲವು ತಪ್ಪು ತಿಳಿವಳಿಕೆಗಳು

"ಗ್ಲೂಕೋಸ್ ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆ." 5 ಪರ್ಸೆಂಟ್ ಗ್ಲೂಕೋಸಿನ 500 ಮಿಲಿ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, 100 ಕ್ಯಾಲೊರಿಗೂ ಮೀರದಷ್ಟು ಶಕ್ತಿ. ಒಂದು ಲೋಟ ಕಬ್ಬಿನ ಹಾಲಿನಲ್ಲಿ ಅಷ್ಟು ಸಕ್ಕರೆ ಸಲೀಸಾಗಿ ಇರುತ್ತದೆ. ಎನ್‌ಎಸ್ ಬಾಟಲಿಯಲ್ಲಂತೂ ಸಕ್ಕರೆಯೇ ಇಲ್ಲ, ನಾಲ್ಕೂವರೆ ಗ್ರಾಂ ಉಪ್ಪು ಮಾತ್ರ.

"ವಾಂತಿಭೇದಿಗೆ ಬಾಟಲಿಯೇ ಬೇಕು." ಕುಡಿಯಲು ಆಗುವವರಿಗೆ, ತೀವ್ರ ನಿರ್ಜಲೀಕರಣ ಇಲ್ಲದವರಿಗೆ ಓಆರ್‌ಎಸ್ ಸಾಕು. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸಾಲದೆ ಬಂದಾಗ ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು ಸಕ್ಕರೆಯ ದ್ರಾವಣವನ್ನು ಕುಡಿಸಿ ಸಾವಿನ ಪ್ರಮಾಣವನ್ನು ಬಹಳ ಕೆಳಕ್ಕೆ ಇಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

"ಪೈಪಿನಲ್ಲಿ ಸಣ್ಣ ಗುಳ್ಳೆ ಹೋದರೆ ಸಾವೇ." ಮೂರು ಮಿಲಿಮೀಟರ್ ಅಗಲದ ಪೈಪಿನಲ್ಲಿ ಒಂದು ಸೆಂಟಿಮೀಟರ್ ಉದ್ದದ ಗುಳ್ಳೆ ಎಂದರೆ 0.07 ಮಿಲಿ ಗಾಳಿ. ಇಷ್ಟನ್ನು ಸಾಮಾನ್ಯವಾಗಿ ಶ್ವಾಸಕೋಶವೇ ತಡೆದು ಹೊರಹಾಕುತ್ತದೆ. ಹೃದಯದಲ್ಲಿ ರಂಧ್ರ ಇರುವ ಮಕ್ಕಳ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಗುಳ್ಳೆಗಳ ಸಾಲು ಕಂಡರೆ ಸಿಸ್ಟರನ್ನು ಕರೆಯಿರಿ, ಪೈಪ್ ಬಿಚ್ಚಲು ಹೋಗಬೇಡಿ.

"ಬಾಟಲಿ ಮುಗಿದರೆ ಅದು ರಕ್ತ ಎಳೆದುಕೊಳ್ಳುತ್ತದೆ." ಬಾಟಲಿಗೆ ಎಳೆಯುವ ಶಕ್ತಿ ಇಲ್ಲ. ಮೇಲಿನಿಂದ ಒತ್ತುವ ದ್ರವ ಕಡಿಮೆಯಾದಾಗ ರಕ್ತನಾಳದ ಒತ್ತಡಕ್ಕೆ ಸ್ವಲ್ಪ ರಕ್ತ ಪೈಪಿನಲ್ಲಿ ಹಿಂದಕ್ಕೆ ಕಾಣುತ್ತದೆ, ಅಷ್ಟೇ. ಅದು ಹೆಪ್ಪುಗಟ್ಟಿ ಸೂಜಿ ಕಟ್ಟಿಕೊಳ್ಳಬಹುದು ಎಂಬ ಕಾರಣಕ್ಕೆ ಮುಗಿಯುವ ಮೊದಲೇ ಹೇಳಬೇಕು.

"ನಿಧಾನವಾಗಿದೆ ಎಂದರೆ ಗಾಲಿ ತೆರೆಯಬೇಕು." ಕೈ ಊದಿ, ಉರಿಯುತ್ತಿದ್ದರೆ ಸೂಜಿ ರಕ್ತನಾಳದಿಂದ ಹೊರಗೆ ಬಂದಿರಬಹುದು. ಆಗ ಗಾಲಿ ತೆರೆದರೆ ಊತ ಹೆಚ್ಚುತ್ತದೆ.

ಹಾಗಾದರೆ ರೋಗಿಯ ಕಡೆಯವರು ಏನು ಮಾಡಬಹುದು?

ಬಹಳ ಮಾಡಬಹುದು. ಬಾಟಲಿ ಹಚ್ಚುವಾಗ "ನಿಮಿಷಕ್ಕೆ ಎಷ್ಟು ಹನಿ, ಎಷ್ಟು ಗಂಟೆಗೆ ಮುಗಿಯುತ್ತದೆ?" ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಡುನಡುವೆ ಗಡಿಯಾರ ನೋಡುತ್ತ ಹನಿ ಎಣಿಸಿ. ಬಹಳ ವ್ಯತ್ಯಾಸ ಕಂಡರೆ ಹೇಳಿ. ಉಸಿರು ಕಟ್ಟಿದಂತಾದರೆ, ಚಳಿ ಬಂದರೆ, ಮೈ ತುರಿಸಿದರೆ, ಕೈ ಊದಿದರೆ ಕೂಡಲೇ ಕೂಗಿ. ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆ ಇದ್ದರೆ ಹಚ್ಚುವ ಮೊದಲೇ ತಿಳಿಸಿ. ನಿಮ್ಮ ಕಣ್ಣು ವಾರ್ಡಿಗೆ ಬೇಕು, ಗಾಲಿಯ ಮೇಲೆ ನಿಮ್ಮ ಬೆರಳು ಮಾತ್ರ ಬೇಡ.

ಇನ್ನು ಬಸ್ಸಿನ ಮಾತು. ಅದಕ್ಕೂ ಲೆಕ್ಕ ಇದೆ. ಬಾಟಲಿಯಲ್ಲಿ ಉಳಿದ ಮಿಲಿಯನ್ನು ಸೆಟ್‌ನ ಹನಿ ಸಂಖ್ಯೆಯಿಂದ ಗುಣಿಸಿ, ನಿಮಿಷದ ಹನಿಯಿಂದ ಭಾಗಿಸಿದರೆ ಇನ್ನೆಷ್ಟು ನಿಮಿಷ ಎಂದು ಸಿಗುತ್ತದೆ. ಐದು ಗಂಟೆಗೆ 300 ಮಿಲಿ ಉಳಿದಿದೆ, 20ರ ಸೆಟ್, 42 ಹನಿ ಎಂದರೆ 6000 ÷ 42 = 143 ನಿಮಿಷ. ಏಳು ಗಂಟೆ ಇಪ್ಪತ್ಮೂರು ನಿಮಿಷಕ್ಕೆ ಮುಗಿಯುತ್ತದೆ. ಆರೂವರೆಯ ಬಸ್ ಸಿಗುವುದಿಲ್ಲ. ಇದು ಐದು ಗಂಟೆಗೇ ಗೊತ್ತಾದರೆ ಊರಿಗೆ ಫೋನ್ ಮಾಡಬಹುದು, ರಾತ್ರಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಬಹುದು, ಇವತ್ತೇ ಹೋಗಲೇಬೇಕಾದರೆ ಏನು ಮಾಡಬಹುದು ಎಂದು ಡಾಕ್ಟರನ್ನು ಕೇಳಬಹುದು. ಬೆಳಿಗ್ಗೆ ಇನ್ನೊಂದು ಬಸ್ ಇದ್ದೇ ಇರುತ್ತದೆ.